ಕ್ರೇನಿನ ಕೆಳಗೆ ನಿಂತಿದ್ದವಳು ನಾನೇ

ಮಗಳ ಮಗ ಮುನಿರಾಜುವಿಗೆ,

ಈ ಕಾಗದ ಒಡೆದು ಓದುತ್ತಿರುವ ಮಧುಕರನೇ, ಇದು ನಿನಗೆ ಬರೆದದ್ದಲ್ಲ. ಶಾಸಕರಿಗೆ ಬಂದ ಕಾಗದವನ್ನೆಲ್ಲ ಮೊದಲು ಪಿ.ಎ. ಆದ ನೀನೇ ಓದುತ್ತೀಯಂತೆ. ಅಜ್ಜಿ ಮೊಮ್ಮಗನಿಗೆ ಬರೆದದ್ದನ್ನೂ ಓದುವಷ್ಟು ಬಿಡುವಿರುವವನು, ನಾನು ಫೋನ್ ಮಾಡಿದಾಗಲೆಲ್ಲ "ಸಾಹೇಬ್ರು ಮೀಟಿಂಗಲ್ಲಿದ್ದಾರೆ" ಅನ್ನುವ ಬದಲು ಒಂದು ಸಲ ನಿಜ ಹೇಳಬಹುದಿತ್ತು. ಮಡಚಿ ಅವನ ಕೈಗೆ ಕೊಟ್ಟು ಹೊರಗೆ ಹೋಗಿ ನಿಂತುಕೋ.

ಮುನಿರಾಜಾ, ಹೋದ ವಾರ ಕೆ.ಆರ್. ಪುರದಲ್ಲಿ ನಿನಗೆ ಕ್ರೇನಿನಿಂದ ಸೇಬಿನ ಹಾರ ಹಾಕಿದರಲ್ಲ. ಈ ನೆಲದ ಸೀಬೆ, ಸಪೋಟ ಬೆಳೆಯುವುದನ್ನೇ ಓದಿ ಬಂದವನಿಗೆ ಎಲ್ಲಿಂದಲೋ ಲಾರಿಯಲ್ಲಿ ಬಂದ ಸೇಬು. ಆಗ ಕೆಳಗೆ ನಿಂತಿದ್ದವಳು ನಾನೇ. ಜೊತೆಗೆ ನಮ್ಮ ನರ್ಸರಿಯ ಹೆಂಗಸರಿದ್ದರು. ಶೌಕತ್ ತನ್ನ ಗೂಡ್ಸ್ ಆಟೋದಲ್ಲಿ ಗಿಡದ ಬದಲು ನಮ್ಮನ್ನು ತುಂಬಿಕೊಂಡು ಬಂದಿದ್ದ. ಮಹದೇವಪುರದಲ್ಲಿ ನಮ್ಮ ನರ್ಸರಿ ಇರುವ ಸರ್ಕಾರಿ ಜಾಗವನ್ನು ಮುಂದಿನ ತಿಂಗಳು ಖಾಲಿ ಮಾಡಿಸಿ ಕಾರು ನಿಲ್ಲಿಸುವುದಕ್ಕೆ ಕೊಡುತ್ತಾರಂತೆ, ನೋಟಿಸು ಅಂಟಿಸಿದ್ದಾರೆ. ಅದನ್ನು ತಡೆಯಪ್ಪಾ ಅಂತ ಕೇಳಲು ಬಂದಿದ್ದೆವು.

ನೀನು ನನ್ನನ್ನು ನೋಡಿದೆ. ಕಣ್ಣಿಗೆ ಕಣ್ಣು ಸಿಕ್ಕಿತು. ಟಿ.ವಿ.ಯವರು ಕ್ಯಾಮೆರಾ ಇತ್ತ ತಿರುಗಿಸಿದ ಕೂಡಲೇ ಮೈಕು ಹಿಡಿದು, "ಯಾರೋ ಅಜ್ಜಿ ಪಾಪ, ಒಂದ್ ಸೇಬು ಕೊಟ್ಟು ಕಳಿಸ್ರಪ್ಪ" ಅಂದೆ.

ಯಾರೋ ಅಜ್ಜಿ. ನಿನ್ನಮ್ಮ ತೀರಿಕೊಂಡಾಗ ನಿನಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಸೀಬೆ ಸಸಿಗಳ ನಡುವೆ ಗೋಣಿ ಹಾಸಿ ಮಲಗಿಸಿ ಬೆಳೆಸಿದೆ. ನಾನು ಕಸಿ ಕಟ್ಟುವಾಗ ಪಟ್ಟಿಯ ತುದಿ ಹಿಡಿದುಕೊಳ್ಳುತ್ತಿದ್ದವನು, ಹೆಬ್ಬಾಳದ ಕೃಷಿ ಕಾಲೇಜಿಗೆ ಹೋಗಿ ಅದನ್ನೇ ಇಂಗ್ಲಿಷಿನಲ್ಲಿ ಓದಿದೆ. ತೋಟಗಾರಿಕೆ ಅಧಿಕಾರಿಯಾದ ಮೇಲೂ ಇಂದಿರಾನಗರದ ದೊಡ್ಡ ಮನೆಯವರನ್ನು ಕರೆತಂದು, "ನಮ್ಮಜ್ಜಿ ನರ್ಸರಿ ಸಾರ್, ನಾನು ಕಲ್ತಿದ್ದೇ ಇಲ್ಲಿ" ಅನ್ನುತ್ತಿದ್ದೆ. ಓಟಿಗೆ ನಿಂತಾಗ ನಾವು ಬೆಳೆಸಿದ ಕರಿಬೇವಿನ ಸಸಿಯನ್ನು ಮನೆಮನೆಗೂ ಹಂಚಿದೆ. "ನಾನಿರೋವರ್ಗೂ ಈ ಜಾಗ ಯಾರೂ ಮುಟ್ಟಲ್ಲ" ಅಂತ ಈ ಹೆಂಗಸರಿಗೆ ಮಾತು ಕೊಟ್ಟೆ. ಅವರು ನಿನ್ನನ್ನು ನಂಬಲಿಲ್ಲ ಕಣೋ. ಪಕ್ಕದಲ್ಲಿ ನಾನು ನಿಂತಿದ್ದೆನಲ್ಲ, ಅದಕ್ಕೆ ನಂಬಿದರು.

ವಾಪಸು ಬರುವಾಗ ಶೌಕತ್, "ಆ ಗಲಾಟೇಲಿ ಗುರ್ತು ಸಿಕ್ಕಿಲ್ಲ ಅನ್ಸುತ್ತೆ ಅಮ್ಮಾ" ಅಂದ, ನನ್ನ ಮುಖ ನೋಡಲಾರದೆ. ಭಾಗ್ಯಲಕ್ಷ್ಮಿ ಬಿಡಲಿಲ್ಲ. "ನೀವು ಮೊಮ್ಮಗ ಅಂತೀರ, ಅವ್ರು ಯಾರೋ ಅಂತಾರೆ. ನಾವ್ ಯಾರನ್ನ ನಂಬೋದಜ್ಜಿ?" ಅಂದಳು. ಗಂಡನಿಲ್ಲದೆ, ಇದೇ ನರ್ಸರಿ ಕೂಲಿಯಲ್ಲಿ ಮಕ್ಕಳನ್ನು ಓದಿಸುತ್ತಿರುವವಳು.

ಯಾಕೆ ಹಾಗಂದೆ ಅನ್ನುವುದು ತಿಳಿಯದಷ್ಟು ದಡ್ಡಿಯಲ್ಲ ನಾನು. ಸ್ವಂತ ಅಜ್ಜಿಗೆ ಸರ್ಕಾರಿ ಜಾಗ ಉಳಿಸಿಕೊಟ್ಟ ಅಂತ ಎದುರು ಪಾರ್ಟಿಯವರು ಕೂಗುತ್ತಾರೆ, ಅಲ್ಲವೇ? ಹಾಗಾದರೆ ಕೇಳು. ನಾನು ನರ್ಸರಿ ಬಿಟ್ಟೆ. ನಾಳೆಯಿಂದ ಆ ಗೇಟಿನೊಳಗೆ ಕಾಲಿಡುವುದಿಲ್ಲ. ಕೀಲಿಯನ್ನು ಭಾಗ್ಯಲಕ್ಷ್ಮಿಗೆ ಕೊಟ್ಟಾಯಿತು. ಇನ್ನು ಅಲ್ಲಿರುವವರು ನಿನಗೆ ಓಟು ಹಾಕಿದವರು ಮಾತ್ರ, ನೆಂಟರು ಯಾರೂ ಇಲ್ಲ. ಅವರಿಗೆ ಉಳಿಸಿಕೊಡು.

ಇಷ್ಟಾದರೂ ನಿನಗೆ ಕೆಟ್ಟದ್ದು ಬಯಸಲು ನಾಲಿಗೆ ಏಳುವುದಿಲ್ಲ. ಚೆನ್ನಾಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ಆದರೆ ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಕೊಡು. ಆಗುತ್ತೋ ಇಲ್ಲವೋ, ಆ ಹೆಂಗಸರ ಎದುರು ನಿಂತು ನಿನ್ನ ಬಾಯಿಂದಲೇ ಹೇಳು.

ನಿನ್ನ ತಾಯಿಯ ತಾಯಿ,
ಗೋವಿಂದಮ್ಮ