ಕೆಂಪು ಮುಖದ ಡ್ರೈವರು

ಮಾರ್ಚ್ 3, ಸೋಮವಾರ. ಬೆಳಗ್ಗೆ 5.10, ಡಿಪೋ

ಊದಿದೆ. ಸೊನ್ನೆ. ಗೇಟಿನ ಸೆಕ್ಯುರಿಟಿಯವನು ರಿಜಿಸ್ಟರಿನಲ್ಲಿ ಬರೆದುಕೊಂಡ. ಕುಡಿದವರನ್ನು ಹಿಡಿಯುವ ಈ ಯಂತ್ರ ಬಂದಾಗಿನಿಂದ ನನ್ನ ಹೆಸರಿನ ಮುಂದೆ ಬರೀ ಸೊನ್ನೆ. ಗಣಿತದಲ್ಲಿ ಸೊನ್ನೆ ತೆಗೆದಾಗ ಬೆಂಚಿನ ಮೇಲೆ ನಿಲ್ಲಿಸಿದ್ದ ಮೇಷ್ಟ್ರು ಈಗ ನೋಡಬೇಕಿತ್ತು.

ಟೈರು ತಟ್ಟಿ ನೋಡಿದೆ. ಕನ್ನಡಿ ಒರೆಸಿದೆ. ಹದಿನಾಲ್ಕನೇ ನಂಬರಿನ ಬಸ್ಸು ಹಳೆಯದು, ಎಂಜಿನ್ನು ಮುಂದೆ. ಮಗ್ಗುಲಲ್ಲೇ ಒಲೆ ಇಟ್ಟುಕೊಂಡು ಕೂತ ಹಾಗೆ. ಕೆನ್ನೆ ಈಗಲೇ ಚುರುಚುರು. ಕಣ್ಣಲ್ಲಿ ಮರಳು ಬಿದ್ದಂತೆ. ಬಲಗೆನ್ನೆ ಎಡಕ್ಕಿಂತ ಕೆಂಪು — ಬಿಸಿಲು ಹೊಡೆಯುವ ಕಿಟಕಿ ಬಲಕ್ಕಿದೆಯಲ್ಲ.

ಕಂಡಕ್ಟರ್ ‘ರೇಡಿಯೋ’ ಬಂದ. ಬಾಯಿ ಮುಚ್ಚುವುದಿಲ್ಲ, ಅದಕ್ಕೇ ಆ ಹೆಸರು.

“ಅಕ್ಕ, ನಿಮ್ಮ ಮುಖ ನೋಡಿ ಸಿಗ್ನಲ್ ಬಿತ್ತು ಅನ್ಕೊಂಡು ಅಲ್ಲೇ ನಿಂತ್ಬಿಟ್ಟೆ.”

ಬೈದೆ. ನಕ್ಕ. ನಾನೂ ನಕ್ಕೆ. ಹೊರಡಬೇಕು.

ಮಾರ್ಚ್ 6, ಗುರುವಾರ. ಸಂಜೆ 4

ಇವತ್ತು ಅಕ್ಷರ ಸೊಟ್ಟ.

ಹನ್ನೊಂದರ ಟ್ರಿಪ್ಪು. ಮಾರ್ಕೆಟ್ಟಿನ ತಿರುವು. ಮಗುವಿನ ತಳ್ಳುಗಾಡಿ ಹಿಡಿದ ಹೆಂಗಸು, ಕಣ್ಣು ಫೋನಿನಲ್ಲಿ, ಫುಟ್‌ಪಾತಿನಿಂದ ನೇರ ರಸ್ತೆಗೆ. ಬ್ರೇಕು ಒತ್ತಿದೆ. ಗಾಡಿಗೂ ಬಂಪರಿಗೂ ಮಧ್ಯೆ ಒಂದು ಮೊಳ. ಮಗು ಎಚ್ಚರಗೊಳ್ಳಲೂ ಇಲ್ಲ.

ಬಸ್ಸಿನೊಳಗೆ ಫೈಲು ಹಿಡಿದಿದ್ದ ಒಬ್ಬರು ಮುಗ್ಗರಿಸಿ ಮೊಣಕಾಲು ಜಜ್ಜಿಕೊಂಡರು. ಎದ್ದು ಮುಂದೆ ಬಂದರು. ನನ್ನ ಮುಖ ನೋಡಿದರು. ಅಷ್ಟೇ ಸಾಕಾಯಿತು.

“ಕುಡಿದಿದ್ದೀಯಾ? ಹೆಂಗಸಾಗಿ ಬೆಳಗ್ಗೇನೇ ಶುರು ಮಾಡಿದ್ದೀಯಾ? ನೋಡ್ರಿ ಎಲ್ರೂ, ಕಣ್ಣು ನೋಡ್ರಿ, ಮೂಗು ನೋಡ್ರಿ!”

ಫೋಟೋ ಹೊಡೆದರು. ರೇಡಿಯೋ ಅಡ್ಡ ನಿಂತು ಕೂಗಾಡಿದ. ನನ್ನ ಕೈ ನಡುಗುತ್ತಿತ್ತು — ಮಗು ಉಳಿಯಿತಲ್ಲ ಅಂತ. ಅವರು ಅದನ್ನೂ ಬರೆದುಕೊಂಡರು: ಕೈ ನಡುಗುತ್ತಿದೆ.

ಸ್ಟ್ಯಾಂಡಿನಲ್ಲಿ ನಾನೇ ಕೇಳಿದೆ, ಈಗಲೇ ಊದಿಸಿ ಅಂತ. ಅಲ್ಲಿ ಯಂತ್ರ ಇಲ್ಲ. ಡಿಪೋ ಮುಟ್ಟಿದ್ದು ಎರಡೂವರೆಗೆ. ಊದಿದೆ. ಸೊನ್ನೆ.

ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ

ಫೈಲಿನವರು ದೂರು ಕೊಟ್ಟಿದ್ದಾರೆ. ಫೋಟೋ ಎಲ್ಲರ ಫೋನಿಗೂ ಹೋಗಿದೆ. ಮೇಕಪ್ಪಿಲ್ಲದೆ ಫೇಮಸ್ಸಾದೆ.

ಮ್ಯಾನೇಜರು ಕರೆದರು. ಕೂರಿ ಅನ್ನಲಿಲ್ಲ.

“ಬೆಳಗ್ಗೆ ಸೊನ್ನೆ ಸರಿ. ಮಧ್ಯಾಹ್ನದ್ದು ಮೂರೂವರೆ ಗಂಟೆ ಆದ್ಮೇಲೆ. ಅಷ್ಟರಲ್ಲಿ ಇಳಿದಿರಬಹುದು ಅಂತಾರೆ. ನಾನು ಅನ್ನಲ್ಲ, ಬೇರೆಯವರು ಅಂತಾರೆ. ವಿಚಾರಣೆ ಮುಗಿಯೋವರೆಗೂ ಸ್ಟೇರಿಂಗ್ ಬೇಡ.”

ಹಾಕಿದ್ದು ಕಳೆದ ವಸ್ತುಗಳ ಕೋಣೆಗೆ. ಕೊಡೆ ನಲವತ್ತೊಂದು. ಒಂಟಿ ಚಪ್ಪಲಿ ಒಂಬತ್ತು. ಹಲ್ಲಿನ ಸೆಟ್ಟು ಒಂದು. ಎಲ್ಲದಕ್ಕೂ ಚೀಟಿ ಅಂಟಿಸಿದೆ. ನಾನೂ ಒಂದು ಚೀಟಿ ಅಂಟಿಸಿಕೊಂಡು ಶೆಲ್ಫಿನ ಮೇಲೆ ಕೂರಬಹುದಿತ್ತು.

ಮಾರ್ಚ್ 15, ಶನಿವಾರ. ಮಧ್ಯಾಹ್ನ 1

ಇಷ್ಟು ದಿನ ಬರೆಯುವ ಮನಸ್ಸೇ ಬರಲಿಲ್ಲ.

ನಮ್ಮ ಯಜಮಾನರೇ ಚರ್ಮದ ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿದರು. ಇವರು ಬೋರ್ಡು ಬರೆಯುವ ಪೇಂಟರು, ಬಣ್ಣದಲ್ಲೇ ಮಾತು. “ನಿನ್ನದು ಕೆಂಪಲ್ಲ ಕಣೆ, ಇಟ್ಟಿಗೆ ಬಣ್ಣ. ಸಿಟ್ಟು ಬಂದಾಗ ಮಾತ್ರ ಅಪ್ಪಟ ಕೆಂಪು,” ಅಂದರು. ಸಮಾಧಾನವಂತೆ ಅದು! ಅಮ್ಮನೂ ಹೊರಟಳು. ಎಪ್ಪತ್ತಾರು ವಯಸ್ಸು, ಬೇಡ ಅಂದರೆ ಮೊದಲು ಚಪ್ಪಲಿ ಹಾಕಿಕೊಳ್ಳುವವಳು ಅವಳೇ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಗಾಜಿನ ಬಿಲ್ಲೆಯೊಂದನ್ನು ನನ್ನ ಕೆನ್ನೆಗೆ ಒತ್ತಿ ಕನ್ನಡಿ ಹಿಡಿದರು. ಒತ್ತಿದ ಕಡೆ ಕೆಂಪು ಮಾಯ! ತೆಗೆದ ಕೂಡಲೇ ಮತ್ತೆ ಹಾಜರು.

“ಇದು ಬಣ್ಣ ಅಲ್ಲ, ರಕ್ತ. ಚರ್ಮದ ಕೆಳಗಿನ ಸಣ್ಣ ಸಣ್ಣ ನಾಳಗಳು ಹಿಗ್ಗಿ, ಕುಗ್ಗೋದನ್ನೇ ಮರೆತಿವೆ. ಮೂಗಿನ ಪಕ್ಕ ದಾರದ ಥರ ಕಾಣ್ತಿದೆಯಲ್ಲ, ಅವೇ. ರೊಸೇಷಿಯ ಅಂತೀವಿ. ಕಣ್ಣಿನ ಉರಿನೂ ಅದರದ್ದೇ.”

ಬಿಸಿಲು, ಗಾಳಿ, ಎಂಜಿನ್ನಿನ ಕಾವು, ಬಿಸಿ ಬಿಸಿ ಚಹಾ, ಖಾರ, ಮನಸ್ಸಿನ ಕಿರಿಕಿರಿ — ಎಲ್ಲವೂ ಕೆಣಕುತ್ತವಂತೆ. ಬೇರು ಮಾತ್ರ ಸಾಮಾನ್ಯವಾಗಿ ಮನೆತನದಲ್ಲೇ. ಹಾಗೆನ್ನುತ್ತಾ ಅಮ್ಮನ ಕಡೆ ತಿರುಗಿದರು. ಅಮ್ಮನ ಕೆನ್ನೆಯೂ ಅದೇ ಬಣ್ಣ. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು, ಕಳ್ಳತನದಲ್ಲಿ ಸಿಕ್ಕಿಬಿದ್ದ ಹಾಗೆ.

ಬಸ್ಸಿನಲ್ಲಿ ನಡೆದದ್ದನ್ನು ಹೇಳಿದೆ. “ಕುಡೀತೀನಾ ಅಂತ ಕೇಳಲ್ವಾ?” ಅಂದೆ.

“ಎಲ್ರನ್ನೂ ಕೇಳ್ತೀನಿ, ನಿಮ್ಮನ್ನೂ ಕೇಳ್ತೀನಿ. ಕುಡಿದ್ರೆ ಕೆಲವರಿಗೆ ಜಾಸ್ತಿ ಆಗುತ್ತೆ, ನಿಜ. ಆದ್ರೆ ಒಂದು ತೊಟ್ಟೂ ಮುಟ್ಟದವರಿಗೂ ಬರುತ್ತೆ. ಮುಖ ನೋಡಿ ಹೇಳೋಕೆ ನನಗೇ ಆಗಲ್ಲ. ಆ ಫೈಲಿನವರಿಗೆ ಹೇಗಾಯ್ತೋ!”

ಇದನ್ನೇ ಕಾಗದದಲ್ಲಿ ಬರೆದು ಸೀಲು ಒತ್ತಿದರು. ಕಣ್ಣಿಗೆ ಹನಿ, ಮುಖಕ್ಕೆ ಕ್ರೀಮು. ಹಿಗ್ಗಿದ ನಾಳ ಕ್ರೀಮಿಗೆ ಹೋಗುವುದಿಲ್ಲವಂತೆ, ಅದಕ್ಕೆ ಲೇಸರ್. ಹಳದಿ ಬೆಳಕು. ಚರ್ಮವನ್ನು ಹೆಚ್ಚು ಮುಟ್ಟದೆ ಒಳಗಿನ ಕೆಂಪು ರಕ್ತವೇ ಆ ಬೆಳಕನ್ನು ಹೀರಿ ಕಾಯುತ್ತದೆ, ನಾಳ ಬೆಂದು ಮುಚ್ಚಿಕೊಳ್ಳುತ್ತದೆ, ಮೈ ಅದನ್ನು ನಿಧಾನ ಕರಗಿಸಿಕೊಳ್ಳುತ್ತದೆ.

ಯೋಚಿಸುತ್ತೇನೆ ಅಂದೆ.

ಮಾರ್ಚ್ 20, ಗುರುವಾರ. ಸಂಜೆ 5.30

ವಿಚಾರಣೆ. ಮೇಜಿನ ಆಚೆ ಮೂವರು. ಈಚೆ ನಾನೊಬ್ಬಳು, ಇಸ್ತ್ರಿ ಮಾಡಿದ ಯೂನಿಫಾರ್ಮು.

ಡಾಕ್ಟರ ಕಾಗದ ಓದಿದರು. ಮ್ಯಾನೇಜರಿಗೆ ದಾರಿ ಸಿಕ್ಕ ಖುಷಿ. “ಹಾಗಾದ್ರೆ ಸುಲಭ! ಟ್ರೀಟ್‌ಮೆಂಟ್ ತಗೊಂಡ್ಬಿಡಿ. ಮುಖ ಸರಿಹೋಗ್ಲಿ, ಬಸ್ ತಗೊಳ್ಳಿ. ದೂರು ತಾನೇ ತಣ್ಣಗಾಗುತ್ತೆ.”

ಮುಖ ಧಗಧಗ — ಅಪ್ಪಟ ಕೆಂಪೇ ಆಗಿರಬೇಕು. ಆದರೂ ಹೇಳಿದೆ.

“ಸರ್, ಮುಖ ಸರಿಹೋದ್ಮೇಲೆ ಬಸ್ ಕೊಟ್ರೆ, ಮುಂಚೆ ಕುಡೀತಿದ್ಳು, ಈಗ ಬಿಟ್ಟಿದ್ದಾಳೆ ಅಂತಾರೆ. ನಾನು ಕುಡಿದಿರಲಿಲ್ಲ ಅಂತ ಮೊದ್ಲು ಹೇಳಿ. ಬರವಣಿಗೆಯಲ್ಲಿ. ಬೋರ್ಡಿನ ಮೇಲೆ ಹಾಕಿ. ಮುಖದ ವಿಷಯ ನನಗೆ ಬಿಡಿ.”

ಆಗ ಮೇಜಿನ ಆಚೆಯಿಂದ ವರ್ಕ್‌ಶಾಪಿನ ಫೋರ್‌ಮನ್ ಎದ್ದರು. ಮೂವತ್ತು ವರ್ಷದ ಸರ್ವಿಸ್ಸಿನಲ್ಲಿ ಅವರು ಮೂರು ವಾಕ್ಯ ಒಟ್ಟಿಗೆ ಆಡಿದ್ದು ಕೇಳಿದವರಿಲ್ಲ. ಬಸ್ಸಿನ ಮುಂದಿನ ಕ್ಯಾಮೆರಾದ ವಿಡಿಯೋ ತಂದಿದ್ದರು. ತಳ್ಳುಗಾಡಿಯ ಚಕ್ರ ರಸ್ತೆಗಿಳಿದ ಗಳಿಗೆ, ಬ್ರೇಕು ಬಿದ್ದ ಗಳಿಗೆ, ಎರಡನ್ನೂ ನಿಲ್ಲಿಸಿ ತೋರಿಸಿದರು.

“ಮುಕ್ಕಾಲು ಸೆಕೆಂಡು. ಕುಡಿದೋರ ಕಾಲಿಗೆ ಸುದ್ದಿ ಇಷ್ಟು ಬೇಗ ಮುಟ್ಟಲ್ಲ ಸರ್.”

ಕೂತರು. ಇನ್ನು ಮೂವತ್ತು ವರ್ಷಕ್ಕೆ ಸಾಕು.

ಮಾರ್ಚ್ 24, ಸೋಮವಾರ. ಬೆಳಗ್ಗೆ 5

ಬೋರ್ಡಿನ ಮೇಲಿದೆ. ‘ಸದರಿ ಚಾಲಕಿಯು ಮದ್ಯಪಾನ ಮಾಡಿರಲಿಲ್ಲ. ಸಮಯಪ್ರಜ್ಞೆಯಿಂದ ಜೀವ ಉಳಿಸಿದ್ದಾರೆ. ದೂರು ನಿರಾಧಾರ.’ ಮ್ಯಾನೇಜರೇ ಪಿನ್ನು ಚುಚ್ಚಿದ್ದು, ಸೊಟ್ಟ. ಬಿಚ್ಚಿ ನೆಟ್ಟಗೆ ಚುಚ್ಚಿದೆ. ರೇಡಿಯೋ ಗಟ್ಟಿಯಾಗಿ ಓದಿದ, ಎರಡು ಸಲ. ‘ಸದರಿ ಚಾಲಕಿ’ ಅಂದಾಗಲೆಲ್ಲ ನನ್ನ ಕಡೆ ಕೈ ತೋರಿಸಿ ಬಗ್ಗಿದ.

ಊದಿದೆ. ಸೊನ್ನೆ. ಹತ್ತಿದೆ. ಸ್ಟೇರಿಂಗು ಮುಟ್ಟಿದಾಗ ಅಂಗೈಗೆ ಮನೆಗೆ ಬಂದ ಹಾಗಾಯಿತು.

ಏಪ್ರಿಲ್ 6, ಭಾನುವಾರ. ಬೆಳಗ್ಗೆ 10

ಲೇಸರ್ ಮಾಡಿಸುತ್ತೇನೆ ಅಂದೆ. ಬೋರ್ಡಿನ ಮಾತು ಮುಗಿದಿದೆ, ಇನ್ನು ಯಾರಿಗಾಗಿಯೂ ಅಲ್ಲ. ಉರಿ ಸಾಕಾಗಿದೆ.

ಅಮ್ಮ ಹುರುಳಿಕಾಯಿ ಬಿಡಿಸುತ್ತಿದ್ದಳು. ಕೈ ನಿಂತಿತು. “ನನ್ನ ಕೆನ್ನೆ ನಿನಗೆ ಬೇಡವಾಯ್ತಾ?”

“ಕೆನ್ನೆ ಬೇಕಮ್ಮ. ಉರಿ ಬೇಡ.”

ಇನ್ನೊಂದು ಕಾಯಿಯ ತುದಿ ಮುರಿದಳು. ಆಮೇಲೆ, “ನನಗೂ ಉರೀತಿತ್ತು. ಯಾರಿಗೂ ಹೇಳ್ಲಿಲ್ಲ.”

ಅಮ್ಮ ಮೂವತ್ತು ವರ್ಷ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದವಳು, ಹಬೆಯ ಎದುರು ನಿಂತು. ಅಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಇವತ್ತು ಹೇಳಿದಳು. ಒಂದು ದಿನ ಯಾರದೋ ಬಿಳಿ ಅಂಗಿ ಸುಟ್ಟಿತಂತೆ. ಮಾಲೀಕ ಬಂದು, ಎಲ್ಲ ಹೆಂಗಸರ ಎದುರಿಗೆ, ಅವಳ ಗದ್ದ ಹಿಡಿದು ಬಾಯಿ ಮೂಸಿ ನೋಡಿದನಂತೆ.

“ನೀನೇನಂದೆ?”

“ಏನನ್ಲಿ? ನೀನಿನ್ನೂ ತೊಟ್ಟಿಲಲ್ಲಿ. ಮತ್ತೆ ಇಸ್ತ್ರಿ ಪೆಟ್ಟಿಗೆ ಹಿಡ್ಕೊಂಡೆ.”

ಹುರುಳಿಕಾಯಿಯ ನಾರು ಎಳೆಯುತ್ತಾ ಕೂತಳು. ನನ್ನ ಕಣ್ಣು ನೋಡದೆಯೇ ಕೇಳಿದಳು: “ಆ ಬೋರ್ಡಿನ ಕಾಗದ… ಅದರದ್ದೊಂದು ಜೆರಾಕ್ಸ್ ನನಗೂ ಬೇಕು.”

ಏಪ್ರಿಲ್ 25, ಶುಕ್ರವಾರ. ಮಧ್ಯಾಹ್ನ 3

ಎರಡು ವಾರದ ಹಿಂದೆ ದವಡೆಯ ಹತ್ತಿರ ಒಂದು ಕಡೆ ಪರೀಕ್ಷೆ ಮಾಡಿ ನೋಡಿದ್ದರು — ಚರ್ಮದ ಬಣ್ಣ ಗಾಢವಿದ್ದಷ್ಟೂ ಹುಷಾರು ಬೇಕಂತೆ, ಕಲೆ ಉಳಿಯಬಾರದು. ಸರಿ ಬಂತು. ಇವತ್ತು ಪೂರ್ತಿ ಮುಖ.

ಕಣ್ಣಿಗೆ ಲೋಹದ ಮುಚ್ಚಳ. ಕತ್ತಲು. ತಣ್ಣನೆ ಗಾಳಿ ಊದುವ ಕೊಳವೆ. ಆಮೇಲೆ ಚಟ್! ರಬ್ಬರ್ ಬ್ಯಾಂಡು ಎಳೆದು ಬಿಟ್ಟ ಹಾಗೆ. ಮುಚ್ಚಿದ ಕಣ್ಣಿನೊಳಗೂ ಹಳದಿ ಮಿಂಚು. ನೂರ ಹದಿನೆಂಟರವರೆಗೆ ಎಣಿಸಿದೆ. ಮೂಗಿನ ಪಕ್ಕ ಬಂದಾಗ ಕಣ್ಣೀರು ತಾನೇ ಇಳಿಯಿತು, ಎಣಿಕೆ ತಪ್ಪಿತು.

“ನಿಲ್ಲಿಸ್ಲಾ?” ಅಂದರು.

“ಮಾರ್ಕೆಟ್ ರಸ್ತೇಲಿ ಟ್ರಾಫಿಕ್ ಇದಕ್ಕಿಂತ ಕಷ್ಟ. ಹೊಡೀರಿ.”

ಕನ್ನಡಿ ಕೊಟ್ಟರು. ಮುಖದ ತುಂಬ ಬಟನ್ನಿನ ಅಗಲದ ನೇರಳೆ ಗುರುತು. ಹತ್ತು ದಿನ ಇರುತ್ತದಂತೆ. ಬಿಸಿಲಿಗೆ ಹೋಗಬಾರದು. ಇನ್ನೂ ಎರಡು ಸಲ ಬರಬೇಕು. ಕೆಂಪು ಪೂರ್ತಿ ಹೋಗುತ್ತದೆ ಅಂತ ಮಾತು ಕೊಡಲಾರೆ, ವರ್ಷ ಕಳೆದ ಮೇಲೆ ಸ್ವಲ್ಪ ಮರಳಿ ಬಂದರೂ ಬರಬಹುದು ಅಂದರು. ಸುಳ್ಳು ಹೇಳದ ಡಾಕ್ಟರು.

ಇವರು ನೋಡಿ ತಲೆ ಓರೆ ಮಾಡಿದರು. “ಈ ಬಣ್ಣ ಬೆರೆಸೋಕೆ ನನಗೆ ಅರ್ಧ ದಿನ ಬೇಕು.”

ಏಪ್ರಿಲ್ 28, ಸೋಮವಾರ. ಸಂಜೆ 6

ಅಪಘಾತವಿಲ್ಲದೆ ಇಪ್ಪತ್ತು ವರ್ಷ ದಾಟಿದವರಿಗೆ ಇವತ್ತು ಬ್ಯಾಡ್ಜು. ನನ್ನದು ಇಪ್ಪತ್ತೆರಡು. ರಜೆಯಲ್ಲಿದ್ದೆ. ಮ್ಯಾನೇಜರು ಬೆಳಗ್ಗೆ ಫೋನು ಮಾಡಿದರು. “ಮುಖ ಹಾಗಿದೆಯಂತಲ್ಲ ಮೇಡಂ, ತೊಂದ್ರೆ ತಗೋಬೇಡಿ. ಬ್ಯಾಡ್ಜ್ ಮನೆಗೇ ಕಳಿಸ್ತೀವಿ.”

“ಕೊರಿಯರ್ ಬೇಡ ಸರ್. ನಾನೇ ಬರ್ತೀನಿ.”

ಹ್ಯಾಟು, ಕೊಡೆ, ಯೂನಿಫಾರ್ಮು. ಡಿಪೋದ ಶೆಡ್ಡಿನಲ್ಲಿ ಇನ್ನೂರು ಕುರ್ಚಿ. ನಾನು ಒಳಗೆ ಬಂದಾಗ ಗುಜುಗುಜು ನಿಂತಿತು. ಇದಕ್ಕಿಂತ ಕೆಟ್ಟದಾಗಿ ನನ್ನ ಮುಖ ಎಂದೂ ಕಂಡಿರಲಿಕ್ಕಿಲ್ಲ. ಇದಕ್ಕಿಂತ ಎತ್ತರಕ್ಕೆ ಅದನ್ನು ಎಂದೂ ಎತ್ತಿ ಹಿಡಿದದ್ದೂ ಇಲ್ಲ.

ಹೆಸರು ಕರೆದರು. ವೇದಿಕೆ ಹತ್ತಿದೆ. ಮೊದಲ ಚಪ್ಪಾಳೆ ಫೋರ್‌ಮನ್ನರದು. ಆಮೇಲೆ ಶೆಡ್ಡಿನ ತಗಡೇ ಹಾರಿಹೋದೀತು ಅನ್ನುವ ಹಾಗೆ. ಮುಂದಿನ ಸಾಲಿನಲ್ಲಿ ಅಮ್ಮ ಪಕ್ಕದವಳಿಗೆ ಹೇಳುತ್ತಿದ್ದಳಂತೆ — ಇವರು ಆಮೇಲೆ ಹೇಳಿದರು — “ಆ ನೇರಳೆ ಮುಖದೋಳು ನನ್ನ ಮಗಳು.”

ಫೋಟೋಗ್ರಾಫರು ಮುಖ ಸ್ವಲ್ಪ ಆಚೆ ತಿರುಗಿಸಿ ಅಂದ. ತಿರುಗಿಸಲಿಲ್ಲ.

ಜೂನ್ 13, ಶುಕ್ರವಾರ. ಬೆಳಗ್ಗೆ 11.15, ಕ್ಲಿನಿಕ್ಕು

ಎರಡನೇ ಸಲವೂ ಮುಗಿದಿದೆ. ಉರಿ ಮುಕ್ಕಾಲು ಪಾಲು ಇಲ್ಲ. ಮೂಗಿನ ಪಕ್ಕದ ದಾರಗಳಲ್ಲಿ ಒಂದೆರಡು ಹಟಮಾರಿಗಳು ಉಳಿದಿವೆ. ಸಿಟ್ಟು ಬಂದರೆ ಈಗಲೂ ಕೆಂಪೇರುತ್ತದೆ. ಅದು ಇರಲಿ.

ಇವತ್ತು ನನಗಾಗಿ ಬಂದದ್ದಲ್ಲ. ಮೊನ್ನೆ ಊಟದ ಮಧ್ಯೆ ಅಮ್ಮ ಕೇಳಿದಳು: “ಎಪ್ಪತ್ತಾರಕ್ಕೂ ಮಾಡ್ತಾರಾ ಅದನ್ನ?” ಮಾಡುತ್ತಾರೆ. ಅವಳಿಗದು ಗೊತ್ತಿಲ್ಲದ್ದೇನಲ್ಲ, ಪರೀಕ್ಷೆಯ ಚುಕ್ಕೆ ಹೋದ ತಿಂಗಳೇ ಸದ್ದಿಲ್ಲದೆ ಮಾಡಿಸಿಕೊಂಡು ಹೋಗಿದ್ದಳಂತೆ, ಒಬ್ಬಳೇ, ನಮ್ಮ ಹದಿನಾಲ್ಕನೇ ನಂಬರಿನಲ್ಲೇ, ನನ್ನ ವಾರದ ರಜೆಯ ದಿನ. ರೇಡಿಯೋಗೂ ಬಾಯಿ ಬಿಡದಂತೆ ಆಣೆ ಹಾಕಿಸಿದ್ದಳು. ಅವನು ಇಷ್ಟು ದಿನ ತಡೆದದ್ದೇ ದೊಡ್ಡದು.

ಒಳಗೆ ಹೋಗಿ ಹತ್ತು ನಿಮಿಷ. ಬಾಗಿಲು ತೆಳು, ಅಮ್ಮನ ದನಿ ದಪ್ಪ. ಡಾಕ್ಟರು ಏನೋ ಕೇಳಿದರು. ಎಷ್ಟು ವರ್ಷದಿಂದ ಉರಿ ಅಂತ ಇರಬೇಕು.

“ಐವತ್ತು ವರ್ಷ ಆಯ್ತಮ್ಮ. ಲಾಂಡ್ರೀಲಿದ್ದೆ. ಒಂದಿನ ಅಲ್ಲಿನ ಮಾಲೀಕ… ಇರಿ, ಕಣ್ಣಿನ ಮುಚ್ಚಳ ಆಮೇಲೆ ಹಾಕಿ. ಮೊದ್ಲು ಇದನ್ನ ಪೂರ್ತಿ ಹೇಳ್ಬಿಡ್ತೀನಿ.”

ಹೇಳುತ್ತಿದ್ದಾಳೆ. ಯಂತ್ರದ ಸದ್ದು ಇನ್ನೂ ಶುರುವಾಗಿಲ್ಲ. ಡಾಕ್ಟರು ಕಾಯುತ್ತಿದ್ದಾರೆ. ಕಾಯುವ ಬೆಂಚಿನಲ್ಲಿ ಕೂತ ಮೂವರೂ ಮಾತು ನಿಲ್ಲಿಸಿ ಕೇಳುತ್ತಿದ್ದಾರೆ. ಅಮ್ಮ ದನಿ ತಗ್ಗಿಸುತ್ತಿಲ್ಲ. ಅಂಗಿ ಸುಟ್ಟದ್ದು, ಗದ್ದ ಹಿಡಿದದ್ದು, ಹೆಂಗಸರು ನೋಡಿದ್ದು — ಒಂದೊಂದೂ, ಗಟ್ಟಿಯಾಗಿ. ಈಗ ನನ್ನ ಹೆಸರೂ ಬಂತು. ಬಾಗಿಲು ತೆರೆಯಿತು. ನರ್ಸು ನಗುತ್ತಾ ಕರೆಯುತ್ತಿದ್ದಾಳೆ, “ಕೈ ಹಿಡ್ಕೊಳ್ಳೋಕೆ ಬರಬೇಕಂತೆ. ನಿಮ್ಮ ಅಮ್ಮಂದಲ್ಲ, ಡಾಕ್ಟರದ್ದು, ಡಾಕ್ಟರೇ ಅಳ್ತಾ…”

ಬಂದೆ ಬಂದೆ —