ಸುಣ್ಣದ ಶಿಲುಬೆಯನ್ನು ಏನು ಮಾಡಿದಿರಿ?

ಮಾನ್ಯ ಧಾರಾವಾಹಿ ವಿಭಾಗದ ಮುಖ್ಯಸ್ಥರೇ,

ಕಳೆದ ಭಾನುವಾರ ನಿಮ್ಮ ವಾಹಿನಿಯಲ್ಲಿ ಮಾದಕವಸ್ತು ಮಾರುವ ಐವರು ಮೆಕ್ಸಿಕನ್ನರು ನೆಲದ ಮೇಲೆ ಬಿಳಿ ಪುಡಿಯ ಶಿಲುಬೆ ಬರೆದರು, ಅದರ ಮುಂದೆ ಮೊಣಕಾಲೂರಿದರು, ಆಮೇಲೆ ಆ ಪುಡಿಯನ್ನೇ ಮೂಗಿಗೆ ಏರಿಸಿದರು. ಹಿನ್ನೆಲೆಯಲ್ಲಿ ಒಬ್ಬ ಮುದುಕಿ ಪ್ರಾರ್ಥನೆ ಹೇಳುತ್ತಿದ್ದಳು. ಆ ಮುದುಕಿ ನಾನು. ನನ್ನ ದನಿಯನ್ನು ನೀವು ನಂಬಿಸಿ ಪಡೆದಿರಿ. ಅದಕ್ಕೇ ಈ ಪತ್ರವನ್ನು ನಿಮ್ಮ ಕಚೇರಿಗೆ ಕಳಿಸದೆ ನಮ್ಮ ಪೇಟೆಯ ಪತ್ರಿಕೆಗೆ ಕೊಡುತ್ತಿದ್ದೇನೆ.

ಅಮೆರಿಕದ ಈ ಪಸೇಯಕ್ ಪೇಟೆಯಲ್ಲಿ, ಮೆಕ್ಸಿಕೋದ ಪುಯೆಬ್ಲಾ ಕಡೆಯಿಂದ ಬಂದ ನಮ್ಮವರ ಮನೆಯಲ್ಲಿ ಸಾವಾದರೆ ಒಂಬತ್ತು ಸಂಜೆ ಜಪಮಾಲೆ ಹೇಳಿಸುವವಳು ನಾನು. ಹೆಣವಿಟ್ಟಿದ್ದ ಜಾಗದಲ್ಲಿ ಸುಣ್ಣದ ಪುಡಿಯಿಂದ ಶಿಲುಬೆ ಬರೆಯುತ್ತೇವೆ. ಒಂಬತ್ತನೆಯ ಸಂಜೆ ಶಿಲುಬೆಯ ಧರ್ಮಪಿತನಾದವನು ತಲೆ, ತೋಳು, ಪಾದ ಎಂದು ಒಂದೊಂದೇ ಭಾಗವನ್ನು ಗುಡಿಸಿ ಪೆಟ್ಟಿಗೆಗೆ ತುಂಬಿ ಸಮಾಧಿಗೆ ಒಯ್ಯುತ್ತಾನೆ. ಅಂದಿನಿಂದ ಅವನು ಆ ಮನೆಗೆ ಕಂಪಾದ್ರೆ, ಅಂದರೆ ಒಡಹುಟ್ಟದ ಅಣ್ಣ. ಜಗಳವಾಡಿ ಬಿಟ್ಟುಹೋಗುವ ನಂಟಲ್ಲ ಅದು.

ನನ್ನ ಗೆಳತಿ ಎವುಫ್ರಾಸಿಯಾಳ ಗಂಡ ಕ್ರೆಸೆನ್ಸಿಯೋ ತೀರಿಕೊಂಡಾಗ ನೀವು ನಿಮ್ಮ ಇಬ್ಬರು ಬರಹಗಾರರೊಂದಿಗೆ ಬಂದಿರಿ. ಅಜ್ಜನನ್ನು ಕಳೆದುಕೊಂಡ ಕುಟುಂಬದ ಕಥೆ ಮಾಡುತ್ತಿದ್ದೇವೆ, ತಪ್ಪಾಗಬಾರದು, ಕಲಿಸಿಕೊಡಿ ಎಂದಿರಿ. ಜಪಕ್ಕೆ ಬಂದವರನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಎಂಟು ಸಂಜೆ ನೀವು ಅವಳ ಮನೆಯ ದಾಲ್ಚಿನ್ನಿ ಕಾಫಿ ಕುಡಿದಿರಿ, ಸಿಹಿ ಬ್ರೆಡ್ಡು ತಿಂದಿರಿ. ನಟಿಗೆ ಉಚ್ಚಾರಣೆ ಕಲಿಸಲೆಂದು ನನ್ನ ಪ್ರಾರ್ಥನೆಯನ್ನು ಧ್ವನಿಮುದ್ರಿಸಿಕೊಂಡಿರಿ. ಧರ್ಮಪಿತನಾಗಬೇಕಿದ್ದ ಕ್ರೆಸೆನ್ಸಿಯೋನ ತಮ್ಮನಿಗೆ ವೀಸಾ ಸಿಗದಿದ್ದಾಗ ನಿಮ್ಮನ್ನೇ ಕೇಳೋಣ ಎಂದವಳು ನಾನು. ಎವುಫ್ರಾಸಿಯಾ ಹಿಂದೆಮುಂದೆ ನೋಡಿದಳು. ನಾನೇ ಒಪ್ಪಿಸಿದೆ. ನೀವು ಎದೆಯ ಮೇಲೆ ಕೈಯಿಟ್ಟು, "ಇದಕ್ಕಿಂತ ದೊಡ್ಡ ಮರ್ಯಾದೆ ನನಗೆ ಯಾರೂ ಕೊಟ್ಟಿಲ್ಲ" ಎಂದಿರಿ. ಒಂಬತ್ತನೆಯ ಸಂಜೆ ಆ ಸುಣ್ಣವನ್ನು ಗುಡಿಸಿದ್ದು ಇದೇ ನಿಮ್ಮ ಕೈ. ಅದು ಏನೆಂದು ತಿಳಿಯದೆ ಮಾಡಿದೆವು ಎಂದು ಯಾರ ಮುಂದೆ ಹೇಳುತ್ತೀರಿ?

ಮೂವತ್ತು ವರ್ಷದಿಂದ ನಿಮ್ಮ ಪರದೆಯ ಮೇಲೆ ನಮಗಿರುವ ಕೆಲಸ ಬೇರೆಯವರ ಹುಲ್ಲು ಕತ್ತರಿಸುವುದು, ಇಲ್ಲವೇ ಬೇರೆಯವರ ಕುತ್ತಿಗೆ ಕತ್ತರಿಸುವುದು. ಇತ್ತೀಚೆಗೆ ನಮ್ಮನ್ನು ಲ್ಯಾಟಿನೆಕ್ಸ್ ಎಂಬ, ಗಂಡು ಹೆಣ್ಣೆಂಬ ಭೇದವಿಲ್ಲದ ಹೊಸ ಹೆಸರಿನಿಂದ ಕರೆಯಲು ಕಲಿತಿದ್ದೀರಿ, ಸಂತೋಷ. ಹೆಸರನ್ನು ಇಷ್ಟು ಜತನದಿಂದ ತಿದ್ದಿಕೊಂಡವರು ನಮ್ಮ ಕೈಗೆ ಕೊಟ್ಟ ಬಂದೂಕನ್ನು ಯಾಕೆ ವಾಪಸು ತೆಗೆದುಕೊಳ್ಳಲಿಲ್ಲ? ಕ್ರೆಸೆನ್ಸಿಯೋ ಲಾಂಡ್ರಿಯಲ್ಲಿ ಅಂಗಿ ಇಸ್ತ್ರಿ ಮಾಡುತ್ತಿದ್ದ. ಕಾಲರ್ ಸುಟ್ಟರೆ ಗಿರಾಕಿಯ ಮುಂದೆ ತಾನೇ ಹೋಗಿ ನಿಲ್ಲುತ್ತಿದ್ದ. ಇಂಥವನ ಸಾವಿನಲ್ಲಿ ನಿಮಗೆ ಕಥೆ ಕಾಣಲಿಲ್ಲವೇ? ನಾನು ಫೋನಿನಲ್ಲಿ ದೂರಿದ್ದಕ್ಕೆ ನಿಮ್ಮ ಕಚೇರಿ ನನಗೆ ಬರೆದ ಉತ್ತರದಲ್ಲಿ ಕಥೆಗೆ ತೀವ್ರತೆ ಬೇಕಿತ್ತು ಎಂದಿದೆ. ಕೊನೆಯಲ್ಲಿ ಓಡುವ ಹೆಸರುಗಳ ಸಾಲಿನಲ್ಲಿ ನನ್ನನ್ನು ಸಾಂಸ್ಕೃತಿಕ ಸಲಹೆಗಾರ್ತಿ ಎಂದು ಗೌರವಿಸಿದ್ದೀರಂತೆ. ಉಂಡ ಮನೆಗೆ ಎರಡು ಬಗೆದದ್ದೂ ಅಲ್ಲದೆ, ಬಗೆಯಲು ಸಲಹೆ ಕೊಟ್ಟವಳು ನಾನೆಂದು ಊರಿಗೆಲ್ಲ ತೋರಿಸಿದಿರಿ.

ನಿಮಗೆ ಸ್ಪ್ಯಾನಿಷ್ ಬಾರದು, ಹಾಗಾಗಿ ನೀವು ಗಮನಿಸಿರಲಿಕ್ಕಿಲ್ಲ. ಆ ಪ್ರಾರ್ಥನೆಯಲ್ಲಿ ಸತ್ತವನ ಹೆಸರು ಬರುತ್ತದೆ. ಆ ಐವರು ಮೂಗು ಒರೆಸಿಕೊಳ್ಳುವಾಗ ನನ್ನ ದನಿ "ಕ್ರೆಸೆನ್ಸಿಯೋನ ಆತ್ಮಕ್ಕೆ ಬೆಳಕಾಗಲಿ" ಎನ್ನುತ್ತದೆ.

ಮರುದಿನ ಸಂಜೆ ಎವುಫ್ರಾಸಿಯಾಳ ಮನೆಗೆ ಹೋದೆ. ನಲವತ್ತು ವರ್ಷ ನನ್ನನ್ನು ಕೊಮಾದ್ರೆ, ಒಡಹುಟ್ಟದ ಅಕ್ಕ ಎನ್ನುತ್ತಿದ್ದವಳು ಬಾಗಿಲ ಸರಪಳಿ ತೆಗೆಯದೆ, ಗುರುತಿಲ್ಲದ ಹೆಂಗಸನ್ನು ಕರೆಯುವಂತೆ ಸೆನ್ಯೋರಾ ಎಂದು ಸಂದಿನಿಂದಲೇ ಮಾತಾಡಿದಳು.

"ಸೆನ್ಯೋರಾ, ನನ್ ಗಂಡ ಒಂದು ಸಿಗರೇಟೂ ಸೇದ್ದೋನಲ್ಲ. ಅವನ ಹೆಸರು ಹೇಳ್ಕೊಂಡು ಆ ಪುಡಿ ಸೇದ್ತಾರೆ. ನನ್ ಮೊಮ್ಮಗಳಿಗೆ ಶಾಲೇಲಿ, ನಿಮ್ಮಜ್ಜನ ಪುಡೀನ ಯಾವ ಡಬ್ಬೀಲಿ ಇಟ್ಟಿದೀರೇ ಅಂತ ಕೇಳ್ತಾವಂತೆ. ಅವರು ಯಾರೋ ಏನೋ, ನಂಗೇನು ಗೊತ್ತು? ನಾನು ನಂಬಿದ್ದು ನಿಮ್ಮನ್ನ."

ಅವಳು ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಈ ವಾರ ನಮ್ಮ ಬೀದಿಯಲ್ಲೇ ಇನ್ನೊಂದು ಸಾವಾಯಿತು. ಜಪಕ್ಕೆ ನನ್ನನ್ನು ಕರೆಯಲಿಲ್ಲ. ಫೋನಿನಲ್ಲಿ ಯಾರದೋ ಪ್ರಾರ್ಥನೆ ಹಾಕಿಕೊಂಡರು. ನಾನು ಪಾದಚಾರಿ ದಾರಿಯಲ್ಲಿ ನಿಂತು ಕೇಳಿಸಿಕೊಂಡು ಮನೆಗೆ ಬಂದು ಅತ್ತೆ.

ನನಗೆ ನಿಮ್ಮ ವಾಹಿನಿಯ ವಿಷಾದ ಬೇಡ, ಹೂಗುಚ್ಛ ಬೇಡ. ಆ ಕಂತಿನಿಂದ ನನ್ನ ದನಿಯನ್ನೂ ಅವನ ಹೆಸರನ್ನೂ ತೆಗೆಯಿರಿ. ಇನ್ನೊಂದು ಬೇಡಿಕೆ ಮುಖ್ಯಸ್ಥರಿಗಲ್ಲ, ಕಂಪಾದ್ರೆಗೆ. ಬರುವ ಮಾರ್ಚ್ ಹದಿನಾಲ್ಕಕ್ಕೆ ಕ್ರೆಸೆನ್ಸಿಯೋ ತೀರಿ ವರ್ಷವಾಗುತ್ತದೆ. ವರ್ಷದ ದಿನ ಮರದ ಶಿಲುಬೆ ಹೊತ್ತು ತರಬೇಕಾದವನು ಧರ್ಮಪಿತ. ಬೇರೆ ಯಾರೂ ತರುವಂತಿಲ್ಲ. ಕ್ಯಾಮೆರಾ ಇಲ್ಲದೆ, ವಕೀಲರಿಲ್ಲದೆ, ಅದನ್ನು ಹೆಗಲ ಮೇಲಿಟ್ಟುಕೊಂಡು ನಡೆದು ಬನ್ನಿ. ಎವುಫ್ರಾಸಿಯಾಳ ಬಾಗಿಲು ತಟ್ಟಿ, ಇದನ್ನು ಮಾಡಿದವನು ನಾನು ಎಂದು ನಿಮ್ಮ ಬಾಯಿಂದಲೇ ಹೇಳಿ. ಅವಳು ತೆರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ. ನನಗಂತೂ ಇನ್ನೂ ತೆರೆದಿಲ್ಲ.

ಇಂತಿ,
ನಿಮ್ಮನ್ನು ಆ ಮನೆಗೆ ಕರೆದೊಯ್ದವಳು,
ಹೆರ್ಲಿಂದಾ ತೆಕುವಾಪೆಟ್ಲಾ
(ಈಗ ಯಾರೂ ಜಪಕ್ಕೆ ಕರೆಯದ ಸಾಂಸ್ಕೃತಿಕ ಸಲಹೆಗಾರ್ತಿ)