ಮಾಬೂಬೀ ಆಪಾ ಉಜ್ಜಿ ನೋಡಿದ ಎಲೆ

ಚಹಾತೋಟಗಳ ನಗರದ ಮಾನ್ಯ ಪ್ರವಾಸೋದ್ಯಮ ಅಧಿಕಾರಿಗಳೇ,

ನಿಮ್ಮ ಕಚೇರಿಯ ದಾಖಲೆಯೊಂದರಲ್ಲಿ ನನ್ನ ಅಕ್ಕ ಮಾಬೂಬೀ ಕಳ್ಳಿ. ಅದರ ಕೆಳಗಿರುವ ಸಾಕ್ಷಿಯ ಸಹಿ ನನ್ನದು. ಅದನ್ನು ಸರಿಪಡಿಸಿ ಎಂದು ಇಂಗ್ಲಿಷಿನಲ್ಲಿ ಮೂರು ಪತ್ರ ಬರೆದೆ, ಉತ್ತರವಿಲ್ಲ. ನಾಲ್ಕನೆಯದನ್ನು ನನ್ನ ಭಾಷೆಯಲ್ಲಿ, ನಮ್ಮೂರಿನ ಪತ್ರಿಕೆಯಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬಾರದಿರಬಹುದು. ಸಂಕೋಚಪಡಬೇಡಿ, ನಿಮ್ಮ ಕಾಗದವೂ ನನಗೆ ಓದಲು ಬಂದಿರಲಿಲ್ಲ. ನಗರದ ಹೆಸರನ್ನು ಮಾತ್ರ ಹೇಳುವುದಿಲ್ಲ. ಅಲ್ಲಿನ ಬೆಟ್ಟಗಳು ಯಾವ ತಪ್ಪನ್ನೂ ಮಾಡಿಲ್ಲ.

ಊರಿಗೆಲ್ಲ ‘ಆಪಾ’ ಆಗಿರುವ ಅಕ್ಕ ಹರಿಹರದ ಬಸ್ ನಿಲ್ದಾಣದ ಬಳಿ ಇಪ್ಪತ್ತೊಂಬತ್ತು ವರ್ಷಗಳಿಂದ ಚಹಾ ಮಾರುತ್ತಾರೆ. ಹೊಸ ಪೊಟ್ಟಣ ಒಡೆದಾಗಲೆಲ್ಲ ಒಂದು ಚಿಟಿಕೆ ಪುಡಿಯನ್ನು ಅಂಗೈಯಲ್ಲಿಟ್ಟು, ಹೆಬ್ಬೆರಳಿನಿಂದ ಉಜ್ಜಿ, ಮೂಸಿ, ಆಮೇಲಷ್ಟೇ ಕುದಿಯುವ ನೀರಿಗೆ ಹಾಕುತ್ತಾರೆ. ವಾಸನೆ ಒಪ್ಪದಿದ್ದರೆ ಪೊಟ್ಟಣ ವಾಪಸ್. ಗುತ್ತೂರಿನ ಬಳಿಯ ಕಾರ್ಖಾನೆಯಲ್ಲಿ ಯಂತ್ರಭಾಗಗಳ ಗುಣಮಟ್ಟ ಪರೀಕ್ಷಿಸುವ ನಾನು ಇದಕ್ಕಿಂತ ಶಿಸ್ತಿನ ತಪಾಸಣೆಯನ್ನು ಕಂಡಿಲ್ಲ. ಚಹಾ ಗಿಡವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವರ ಆಸೆಯಾಗಿತ್ತು. ‘ಬನ್ನಿ, ಪ್ರಕೃತಿಯನ್ನು ಮುಟ್ಟಿ, ಅದರ ಪರಿಮಳ ಸವಿಯಿರಿ’ ಎಂದಿತ್ತು ನಿಮ್ಮ ಕರಪತ್ರ. ನಂಬಿದೆವು. ಪ್ರವಾಸದ ಬಸ್ಸಿನಲ್ಲಿ ನಲವತ್ತೊಂದು ಮಂದಿ ಬಂದೆವು.

ನಿಮ್ಮ ಕಚೇರಿಯೇ ನಡೆಸುವ ತೋಟದಲ್ಲಿ ಆಪಾ ಎರಡು ಎಲೆ ಕಿತ್ತರು, ಅಂಗೈಯಲ್ಲಿ ಉಜ್ಜಿದರು, ಮೂಸಿದರು. ಹುಬ್ಬು ಗಂಟಿಕ್ಕಿತು. ಮತ್ತೊಮ್ಮೆ ಮೂಸಿದರು.

“ಜಮಾಲು, ಇದು ಚಾ ಅಲ್ಲಪ್ಪ. ಬರೀ ಹುಲ್ಲಿನ ವಾಸ್ನೆ ಐತೆ. ಯಾರೋ ಇವ್ರಿಗೆ ಬ್ಯಾರೆ ಗಿಡ ಕೊಟ್ಟು ಟೋಪಿ ಹಾಕ್ಯಾರ!”

“ಇಷ್ಟು ದೂರ ಬಂದು ಬೇಲಿ ಗಿಡ ನೋಡಿದ್ವೇನ್ರಿ ಆಪಾ?” ಎಂದು ಸಹಪ್ರಯಾಣಿಕರಾದ ವಿಜಯಕುಮಾರ್ ನಕ್ಕರು. ಬಸ್ಸಿನವರೆಲ್ಲ ಒಂದೊಂದು ಎಲೆ ಕಿತ್ತು ಮೂಸತೊಡಗಿದರು. ಆಪಾ ನಗಲಿಲ್ಲ. ಮೋಸ ಹೋದವರ ಮೇಲಿನ ಕನಿಕರದಿಂದ ನಿಮ್ಮ ಕಾವಲುಗಾರನಿಗೂ ಉರ್ದುವಿನಲ್ಲಿ ಅದನ್ನೇ ತಿಳಿಸಿದರು. ಅವನು ಹೋಗಿ ತೋಟದ ಮೇಲ್ವಿಚಾರಕರನ್ನು ಕರೆತಂದ, ಅವರು ನಮ್ಮಿಬ್ಬರನ್ನೂ ಕಚೇರಿಗೆ ಕರೆದೊಯ್ದರು.

ಹಸಿ ಎಲೆಗೆ ಚಹಾದ ವಾಸನೆ ಇರುವುದಿಲ್ಲ. ಬಾಡಿಸಿ, ಹೊಸೆದು, ಒಣಗಿಸಿದ ಮೇಲೆ ಬರುತ್ತದೆ. ಇದು ನನಗೂ ಗೊತ್ತಿರಲಿಲ್ಲ, ಊರಿಗೆ ಮರಳಿದ ಮೇಲೆ ಓದಿ ತಿಳಿದೆ. ನಿಮ್ಮ ಮೇಲ್ವಿಚಾರಕರಿಗೆ ಗೊತ್ತಿರಲೇಬೇಕು. ಹೇಳಲು ಅರ್ಧ ನಿಮಿಷದ ಹಿಂದಿ ಸಾಕಿತ್ತು. ಆ ಅರ್ಧ ನಿಮಿಷವನ್ನು ಉಳಿಸಲು ಅವರು ಅಕ್ಕನನ್ನು ಒಂದೂವರೆ ಗಂಟೆ ಕಚೇರಿಯಲ್ಲಿ ನಿಲ್ಲಿಸಿದರು. ಸಮಯ ಉಳಿತಾಯದ ಈ ವಿಧಾನವನ್ನು ಯಾವ ತರಬೇತಿಯಲ್ಲಿ ಕಲಿಸುತ್ತೀರಿ? ಕೋಣೆಯಲ್ಲಿ ಖಾಲಿ ಕುರ್ಚಿಗಳು ನಾಲ್ಕಿದ್ದವು, ಎಣಿಸಿದ್ದೇನೆ.

ಕೊನೆಗೆ ನಿಮ್ಮ ನಾಡಿನ ಲಿಪಿಯಲ್ಲಿ ಬರೆದ ಕಾಗದವೊಂದನ್ನು ಮುಂದಿಟ್ಟು, ಸಹಿ ಮಾಡಿದರೆ ಹೋಗಬಹುದೆಂದರು. “ನೋಡಪ್ಪ, ನೀನು ಓದ್ದಾವ” ಎಂದರು ಆಪಾ. ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅಳತೆ ಮಿಲಿಮೀಟರಿನ ನೂರನೆಯ ಒಂದು ಭಾಗ ತಪ್ಪಿದರೂ ಸಹಿ ಹಾಕದ ನಾನು, ಒಂದಕ್ಷರವೂ ತಿಳಿಯದ ಆ ಕಾಗದದ ಮೇಲೆ ಕಣ್ಣಾಡಿಸಿದಂತೆ ಮಾಡಿ, “ಎಲ್ಲಾ ಸರಿ ಐತೆ ಆಪಾ” ಎಂದು ಸಹಿ ಮಾಡಿದೆ. ಅವರು ಹೆಬ್ಬೆಟ್ಟು ಒತ್ತಿದರು. ಪುಡಿ ಉಜ್ಜುವ ಅದೇ ಹೆಬ್ಬೆರಳು.

ನಮ್ಮ ಚಾಲಕ ಗಣೇಶನಿಗೆ ಆ ಲಿಪಿ ಬರುತ್ತದೆ. ದಾರಿಯಲ್ಲಿ ಊಟಕ್ಕೆ ನಿಂತಾಗ ನಕಲನ್ನು ಅವನ ಕೈಗೆ ಕೊಟ್ಟೆ. ಅವನು ಗಟ್ಟಿಯಾಗಿಯೇ ಓದಿದ: ‘ತೋಟದ ಎಲೆ ಕದ್ದಿದ್ದೇನೆ, ಸುಳ್ಳು ಹಬ್ಬಿಸಿದ್ದೇನೆ.’ ಅರ್ಧಕ್ಕೆ ಅವನ ದನಿ ಇಳಿಯಿತು. ಅಷ್ಟರಲ್ಲಿ ಎಲ್ಲರೂ ಕೇಳಿಸಿಕೊಂಡಿದ್ದರು.

ಈಗ ಅಂಗಡಿಗೆ ಬಂದವರು, “ಆಪಾ, ಇವತ್ತಿಂದು ಚಾನೋ, ಬೇಲಿ ಸೊಪ್ಪೋ?” ಎಂದು ಚೇಷ್ಟೆ ಮಾಡುತ್ತಾರೆ. ಆಪಾ ನಗುತ್ತಾರೆ. ಆದರೆ ಉಜ್ಜಿ ನೋಡುವುದನ್ನು ಬಿಟ್ಟಿದ್ದಾರೆ. ಪೊಟ್ಟಣ ಕತ್ತರಿಸಿ ನೇರವಾಗಿ ಸುರಿಯುತ್ತಾರೆ. ಕೇಳಿದರೆ, “ನಂಗೇನ್ ತಿಳಿತೈತೆ ಬಿಡಪ್ಪ.” ಪಾಳಿ ಮುಗಿದ ಮೇಲೆ ದಿನವೂ ಅಲ್ಲಿಗೆ ಹೋಗಿ ಆ ಕೈಯನ್ನೇ ನೋಡುತ್ತ ನಿಲ್ಲುತ್ತೇನೆ. ಲೋಟ ಖಾಲಿಯಾಗಿರುತ್ತದೆ, ಮನೆಗೆ ಹೋಗಲು ಮನಸ್ಸು ಬರುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ: ಆ ಪುಟದಿಂದ ಅವರ ಹೆಸರನ್ನೂ ಹೆಬ್ಬೆಟ್ಟನ್ನೂ ತೆಗೆಯಿರಿ. ನನ್ನ ಸಹಿ ಬೇಕಾದರೆ ಅಲ್ಲೇ ಇರಲಿ. ನಿಮ್ಮ ಮೇಲ್ವಿಚಾರಕರನ್ನು ಬಿಟ್ಟರೆ ಅಂದು ತಪ್ಪು ಮಾಡಿದವನು ನಾನೊಬ್ಬನೇ. ಜೊತೆಗೆ ಕಚೇರಿಯ ಮೊಹರು ಹಾಕಿ ಒಂದು ಸಾಲು ಬರೆದು ಅವರ ಅಂಗಡಿಗೆ ಕಳುಹಿಸಿ: ‘ಅಮ್ಮ, ನಿಮ್ಮ ಮೂಗು ಸರಿಯಾಗಿಯೇ ಇತ್ತು. ಹಸಿ ಎಲೆಗೆ ಹುಲ್ಲಿನ ವಾಸನೆಯೇ ಇರುತ್ತದೆ.’ ನಾನು ಹತ್ತು ಸಲ ಹೇಳಿದ್ದೇನೆ. ಅವರು ನಂಬುತ್ತಿಲ್ಲ. ಎಲ್ಲಾ ಸರಿ ಐತೆ ಎಂದು ಅವತ್ತು ಹೇಳಿದವನೂ ನಾನೇ.

ಇಂತಿ,
ಓದದೆ ಸಹಿ ಮಾಡಿದ ಗುಣಮಟ್ಟ ಪರೀಕ್ಷಕ,
ಜಮಾಲುದ್ದೀನ್
ಹರಿಹರ